ಇಪ್ಪತ್ತನೆಯ ನಂಬರಿನ ನೂಲು

೧೯೪೯ನೆಯ ಇಸವಿ ಜೂನ್ ೧೩, ಸೋಮವಾರ, ಮುಂಜಾನೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಗುರುಬಾಯಿ ವಿಜಾಪುರದ ಹೆಣ್ಣುಮಕ್ಕಳ ಟ್ರೇನಿಂಗ್ ವರ್ಗದ ಹೊಸ್ತಿಲು ದಾಟಿದಳು. ಹತ್ತು ನಿಮಿಷ ತಡವೆಂದು ವರ್ಗ ನಡೆಸುತ್ತಿದ್ದ ರುದ್ರವ್ವ ಹಾಜರಿ ಪುಸ್ತಕದಲ್ಲಿ ಬರೆದಳು. ಬಬಲೇಶ್ವರದ ಮೋಟಾರು ದಾರಿಯಲ್ಲಿ ಕೆಟ್ಟು ನಿಂತಿತ್ತೆಂದು ಜವಾನ ಹೇಳಿದ್ದ. ಅದನ್ನು ಬರೆಯಲಿಲ್ಲ. ಹಾಜರಿ ಪುಸ್ತಕದಲ್ಲಿ ಮೋಟಾರಿಗೆಂದು ಬೇರೆ ಅಂಕಣವಿರಲಿಲ್ಲ.

ಗುರುಬಾಯಿ ಟ್ರಂಕನ್ನು ಬಾಗಿಲ ಬಳಿ ಇಟ್ಟು ನೇರವಾಗಿ ಬಂದವಳೇ ಬಗ್ಗಿ ಕಾಲು ಮುಟ್ಟಿದಳು.

"ಅಕ್ಕಾರ, ನನ್ನ ಗುರುತ ಹತ್ತಿತಿಲ್ರಿ?"

"ಹತ್ತೇತಿ. ಕೂಡ್ರಿ."

"ಅಯ್ಯ, ನನಗ್ಯಾಕ ರಿ ಹಚ್ಚತೀರಿ? ಕೈ ಹಿಡದು ಅಕ್ಷರ ತಿದ್ದಿಸಿದವ್ರು ನೀವು. ನೀ ಅನ್ರಿ."

"ಆಗ ನೀವು ಸಾಲಿ ಹುಡುಗಿ ಇದ್ರಿ. ಈಗ ನೌಕರಿಗೆ ಬಂದೀರಿ. ಸರಕಾರಿ ಜಾಗಾದಾಗ ಹಂಗೆಲ್ಲ ಅನ್ನಾಕ ಬರೂದಿಲ್ಲ."

ಗುರುಬಾಯಿ ನಕ್ಕಳು. ಅದರಲ್ಲಿ ಕುಚೋದ್ಯವಿರಲಿಲ್ಲ. ಇದ್ದಿದ್ದರೆ ರುದ್ರವ್ವನಿಗೆ ಹಗುರಾಗುತ್ತಿತ್ತು.

ರುದ್ರವ್ವ ತಿಕೋಟೆಯವಳು. ಹದಿನಾರಕ್ಕೇ ಗಂಡ ತೀರಿಹೋದ. ಊರವರ ಬಾಯಿಗೆ ಅಂಜದೆ ಅಪ್ಪ ಮಗಳಿಗೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಕಟ್ಟಿಸಿ, ಧಾರವಾಡಕ್ಕೆ ಕಳಿಸಿ ಮೂರು ವರ್ಷದ ಟ್ರೇನಿಂಗ್ ಮಾಡಿಸಿದ. ಆಗಿನಿಂದ ಈ ನಲವತ್ತೊಂದನೆಯ ವಯಸ್ಸಿನ ತನಕ ಆಕೆ ಸಾಲೆಯೊಂದನ್ನು ಬಿಟ್ಟು ಬೇರೇನನ್ನೂ ನೋಡಿದವಳಲ್ಲ. ಬಬಲೇಶ್ವರದ ಹೆಣ್ಣುಮಕ್ಕಳ ಸಾಲೆಯಲ್ಲಿ ಆರು ವರ್ಷ ಇದ್ದಾಗ, ಮೂಗು ಸೋರುತ್ತಿದ್ದ ಒಂಬತ್ತು ವರ್ಷದ ಗುರುಬಾಯಿ ಆಕೆಯ ಮುಂದೆ ಮಣೆಯ ಮೇಲೆ ಕುಳಿತಿದ್ದಳು. ಆ ಹುಡುಗಿ ಈಗ ಖಾದಿ ಸೀರೆ ಉಟ್ಟು, ಹೊಸ ಮೂಲಶಿಕ್ಷಣ ಪದ್ಧತಿಯಲ್ಲಿ ಆರು ತಿಂಗಳ ತರಬೇತಿ ಪಡೆದು, ಸರಕಾರದ ಪತ್ರ ಹಿಡಿದುಕೊಂಡು ಬಂದಿದ್ದಳು.

ಟ್ರೇನಿಂಗ್ ವರ್ಗವಿದ್ದದ್ದು ಅಥಣಿ ರಸ್ತೆಯ ಬದಿಯ ಒಂದು ಹಳೆಯ ಕಲ್ಲಿನ ಕಟ್ಟಡದ ಮಾಳಿಗೆಯಲ್ಲಿ. ಕೆಳಗೆ ಸಣ್ಣ ಹುಡುಗಿಯರ ಸಾಲೆ. ಮೇಲೆ ಕಲಿತದ್ದನ್ನು ಕೆಳಗೆ ಪಾಠ ಹೇಳಿ ನೋಡುವುದು ರೂಢಿ. ಮುಲ್ಕಿ ಪಾಸಾದ ಇಪ್ಪತ್ನಾಲ್ಕು ಹೆಣ್ಣುಮಕ್ಕಳು ಅಲ್ಲಿ ಅಕ್ಕಾರು, ಅಂದರೆ ಸಾಲೆಯ ಶಿಕ್ಷಕಿಯರು, ಆಗಲು ಕಲಿಯುತ್ತಿದ್ದರು. ಎರಡು ವರ್ಷದಿಂದ ರುದ್ರವ್ವನೊಬ್ಬಳೇ ಅದನ್ನು ನಡೆಸಿದ್ದಳು. ಮುಖ್ಯ ಅಕ್ಕಾರ ಕುರ್ಚಿಯ ಮೇಲೆ ಕೂಡುತ್ತಿದ್ದಳಾದರೂ ಆ ಹುದ್ದೆಯ ಹೆಸರು ಆಕೆಗೆ ಬಂದಿರಲಿಲ್ಲ.

ಅದೇ ವಾರ ಶಿಕ್ಷಣ ಖಾತೆಯ ಡೆಪ್ಯೂಟಿ ಸಿದ್ದರಾಯ ಸಾಹೇಬರು ಬಂದು ಸರಕಾರದ ಹೊಸ ಸುತ್ತೋಲೆಯನ್ನು ಓದಿ ಹೇಳಿದರು. ಮಾಸ್ತರರನ್ನು ತಯಾರು ಮಾಡುವ ಹಳೆಯ ರೀತಿ ಸಾಲದು, ಪುಸ್ತಕ ಬಾಯಿಪಾಠ ಮಾಡಿಸಿ ಕಳಿಸಿದರೆ ಅವರೂ ಹೋಗಿ ಬಾಯಿಪಾಠವನ್ನೇ ಮಾಡಿಸುತ್ತಾರೆ. ಇನ್ನು ಮೇಲೆ ಕಲಿಯುವವರು ಕೈಯಿಂದ ಕೆಲಸ ಮಾಡಬೇಕು, ನೂಲಬೇಕು, ಹಳ್ಳಿಗೆ ಹೋಗಿ ಮನೆಮನೆ ನೋಡಿ ಬರಬೇಕು. ಬೆತ್ತ ಕಪಾಟಿನಲ್ಲಿರಬೇಕು.

"ಹನ್ನೆರಡು ಮಂದಿ ರುದ್ರವ್ವಾರ ಕಡೆ, ಹನ್ನೆರಡು ಮಂದಿ ಗುರುಬಾಯಾರ ಕಡೆ," ಎಂದರು ಸಾಹೇಬರು. "ಸಪ್ಟೆಂಬರದಾಗ ತಪಾಸಣಿಗೆ ಬರತೀನಿ. ಯಾರ ವರ್ಗ ಮುಂದ ಬಂದಿರತೈತೋ ಅವ್ರು ಕಾಯಂ ಮುಖ್ಯ ಅಕ್ಕಾರು. ನನಗ ಇಬ್ರೂ ಅಷ್ಟ."

ಇಬ್ಬರೂ ಅಷ್ಟೇ ಎಂಬ ಮಾತು ರುದ್ರವ್ವನ ಕಿವಿಯಲ್ಲಿ ಬಹಳ ದಿನ ಉಳಿಯಿತು. ಇಪ್ಪತ್ತು ವರ್ಷ ಮತ್ತು ಆರು ತಿಂಗಳು, ಇವೆರಡೂ ಅಷ್ಟೇ ಆಗುವ ಲೆಕ್ಕವನ್ನು ಆಕೆ ಯಾವ ಹುಡುಗಿಗೂ ಕಲಿಸಿರಲಿಲ್ಲ.

ಎರಡು ಕೋಣೆಗಳ ನಡುವೆ ಇದ್ದದ್ದು ಬರೀ ಹಲಗೆಯ ಅಡ್ಡಗೋಡೆ. ಆ ಕಡೆಯ ಮಾತು ಈ ಕಡೆ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಮೊದಲ ವಾರ ನಾಲ್ಕು ಸಲ ನಕ್ಕರು. ಎರಡನೆಯ ವಾರ ಹನ್ನೊಂದು ಸಲ. ಮೂರನೆಯ ವಾರ ರುದ್ರವ್ವ ಎಣಿಸುವುದನ್ನು ಬಿಟ್ಟಳು. ತನ್ನ ಹನ್ನೆರಡು ಮಂದಿಯನ್ನು ನೋಡಿದರೆ ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, ಪಾಠಕ್ಕೆ ಮುಂಚೆ ಬರೆಯುವ ಟಿಪ್ಪಣಿಯನ್ನು, ಅಲ್ಲಿನವರ ಬಾಯಲ್ಲಿ ಟಾಚಣ, ದುಂಡಗೆ ಬರೆಯುತ್ತಿರುತ್ತಿದ್ದರು. ಇಷ್ಟು ದಿನ ಆ ಮೌನ ಆಕೆಗೆ ಹೆಮ್ಮೆಯಾಗಿತ್ತು. ಈಗ ಅದರೊಳಗೆ ಆ ಕಡೆಯ ನಗು ಇನ್ನಷ್ಟು ದೊಡ್ಡದಾಗಿ ಕೇಳುತ್ತಿತ್ತು.

ಟ್ರೇನಿಂಗ್ ವರ್ಗಗಳಲ್ಲಿ ಟೀಕಾಪಾಠ ಎಂಬುದೊಂದು ಪದ್ಧತಿ. ಒಬ್ಬರು ಮಕ್ಕಳಿಗೆ ಪಾಠ ಹೇಳುತ್ತಾರೆ. ಉಳಿದವರು ಹಿಂದೆ ಕುಳಿತು ತಪ್ಪು ಬರೆಯುತ್ತಾರೆ. ರುದ್ರವ್ವನ ವರ್ಗದಲ್ಲಿ ಒಬ್ಬೊಬ್ಬರೂ ಐದಾದರೂ ತಪ್ಪು ಬರೆಯಲೇಬೇಕಿತ್ತು. ಜುಲೈ ತಿಂಗಳಲ್ಲಿ ಒಂದು ದಿನ ಗುರುಬಾಯಿ ತಾನೇ ಎರಡನೆಯ ಇಯತ್ತೆಗೆ ಪಾಠ ಹೇಳಿ, ಎರಡೂ ಕಡೆಯ ಹೆಣ್ಣುಮಕ್ಕಳನ್ನು ಕೂಡಿಸಿ, ರುದ್ರವ್ವನನ್ನೂ ಕರೆದಳು. ಹುಡುಗಿಯರು ತಾವು ನೂತ ನೂಲನ್ನು ಅಂಗಳದಲ್ಲಿ ಎಳೆದು ಅಡಿ ಅಳೆದರು, ಕೂಡಿಸಿದರು, ಜಗಳಾಡಿದರು, ಮತ್ತೆ ಅಳೆದರು. ರುದ್ರವ್ವ ಹಿಂದೆ ಕುಳಿತು ಹದಿನೇಳು ತಪ್ಪು ಬರೆದಳು.

ಗುರುಬಾಯಿ ಆ ವಹಿಯನ್ನು ಇಸಿದುಕೊಂಡು ಎಲ್ಲರ ಮುಂದೆ ಗಟ್ಟಿಯಾಗಿ ಓದಿದಳು. ಫಲಕದ ಮೇಲೆ ತಾರೀಖು ಇಲ್ಲ. ಬಲಗಡೆಯ ಸಾಲಿನ ಕೊನೆಯ ಹುಡುಗಿಗೆ ಒಂದು ಪ್ರಶ್ನೆಯೂ ಹೋಗಲಿಲ್ಲ. ಹೀಗೆ ಒಂದೊಂದಕ್ಕೂ ತಲೆದೂಗುತ್ತಾ ಒಂಬತ್ತನೆಯದಕ್ಕೆ ಬಂದು ನಿಂತಳು.

"'ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳಿದರು, ತಡೆಯಲಿಲ್ಲ.' ಇದೊಂದು ತಿಳೀಲಿಲ್ರಿ ಅಕ್ಕಾರ. ಮಕ್ಕಳು ಕೇಳಬಾರದೇನ್ರಿ?"

ಗುರುಬಾಯಿಯ ಕಡೆಯ ಹಸೀನಾ, ಯಾವ ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳದ ಹುಡುಗಿ, ಥಟ್ಟನೆ ಅಂದಳು, "ಕೇಳಿದ್ರ ಟಾಚಣದಾಗಿನ ಹೊತ್ತು ತಪ್ಪತೈತಲ್ರಿ ಬಾಯಾರ! ಏಳು ನಿಮಿಷ ಪೀಠಿಕಿ, ಹದಿನೈದು ನಿಮಿಷ ವಿಷಯ. ಮಕ್ಕಳ ಬಾಯಿಗೆ ಅದರಾಗ ಜಾಗಾನ ಇಲ್ಲ."

ಇಪ್ಪತ್ನಾಲ್ಕು ಮಂದಿಯೂ ನಕ್ಕರು. ತನ್ನ ಹನ್ನೆರಡು ಮಂದಿಯೂ ನಕ್ಕದ್ದನ್ನು ರುದ್ರವ್ವ ನೋಡಿದಳು. ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದರು, ಅಷ್ಟೇ ಫರಕು. ಆ ಸಂಜೆ ತನ್ನ ಕಡೆಯ ಮುರಿಗೆವ್ವ ಎಂಬುವಳು ಗುರುಬಾಯಿಯ ಕೋಣೆಯಿಂದ ಹೊರಬರುವುದು ಕಣ್ಣಿಗೆ ಬಿತ್ತು. ರುದ್ರವ್ವ ಎರಡು ದಿನ ಮುರಿಗೆವ್ವನ ವಹಿಯನ್ನು ನೋಡದೆ ಹಾಗೆಯೇ ತಿರುಗಿ ಕೊಟ್ಟಳು. ಅಷ್ಟು ಸಾಕಾಯಿತು. ಆಮೇಲೆ ಈ ಕಡೆಯವರು ಯಾರೂ ಆ ಬಾಗಿಲು ದಾಟಲಿಲ್ಲ.

ಇನ್ನು ನೂಲುವ ಮಾತು. ತಪಾಸಣೆಯ ಹೊತ್ತಿಗೆ ಪ್ರತಿಯೊಬ್ಬಳೂ ತಕಲಿಯ, ಅಂದರೆ ಬೆರಳಿನಿಂದ ತಿರುಗಿಸುವ ಸಣ್ಣ ಕದಿರಿನ, ಮೇಲೆ ತನ್ನ ಕೈಯಿಂದ ಎರಡು ಲಡಿ ನೂಲು ನೂತು ಇಡಬೇಕೆಂದು ಸುತ್ತೋಲೆಯಲ್ಲಿತ್ತು. ರುದ್ರವ್ವ ಅದರ ಪುಸ್ತಕ ತರಿಸಿ ಮೊದಲಿನಿಂದ ಕೊನೆಯ ತನಕ ಓದಿದಳು, ಟಿಪ್ಪಣಿ ಮಾಡಿಕೊಂಡಳು, ತಕಲಿಯ ಚಿತ್ರ ಫಲಕದ ಮೇಲೆ ಬರೆದು ಭಾಗಗಳ ಹೆಸರು ಬರೆಯಿಸಿದಳು. ಒಂದು ರವಿವಾರ ಕೋಣೆಯ ಬಾಗಿಲು ಹಾಕಿಕೊಂಡು ತಾನೂ ಒಮ್ಮೆ ತಿರುಗಿಸಿ ನೋಡಿದಳು. ಹಿಂಜಿ ಸುತ್ತಿದ ಹತ್ತಿಯ ಹಂಜಿಯಿಂದ ಎಳೆ ಹೊರಟಿತು, ಗೇಣುದ್ದ ಬಂತು, ತಟ್ಟನೆ ಹರಿದು ತಕಲಿ ಕಲ್ಲಿನ ಮೇಲೆ ಬಿದ್ದು ಠಣ್ ಎಂದಿತು. ಹದಿನಾರು ಸಲ ಹಾಗೆಯೇ ಆಯಿತು. ಹದಿನೇಳನೆಯ ಸಲಕ್ಕೆ ಆಕೆ ಆ ತಕಲಿಯನ್ನು ಟ್ರಂಕಿನ ತಳಕ್ಕೆ ಹಾಕಿ, ಮುಂದೆ ಯಾರ ಕಣ್ಣಿಗೂ ಬೀಳದಂತೆ ಮಾಡಿದಳು.

ಮರುದಿನ ವರ್ಗದಲ್ಲಿ ಹೇಳಿದಳು, "ನೂಲು ಸಣ್ಣ ಇರಬೇಕು. ಗಂಟು ಇರಬಾರದು. ದಪ್ಪ ನೂಲು ತಗೊಂಡು ನನ್ನ ಮುಂದ ಬರಬ್ಯಾಡ್ರಿ. ಆ ಕಡೆಯವ್ರ ಹಗ್ಗ ನೋಡೀರಲ್ಲ?"

ಆ ಕಡೆ ಗುರುಬಾಯಿ ತನ್ನ ಹೆಣ್ಣುಮಕ್ಕಳ ಮೊದಲ ದಿನದ ನೂಲನ್ನು, ಗಂಟು, ಉಂಡೆ, ಹರಿದ ತುದಿ ಎಲ್ಲವನ್ನೂ, ಹೆಸರು ತಾರೀಖು ಸಹಿತ ಗೋಡೆಗೆ ತೂಗುಹಾಕಿದ್ದಳು. ಕೆಟ್ಟದ್ದನ್ನು ಹೀಗೆ ಮೆರೆಸುವುದು ರುದ್ರವ್ವನಿಗೆ ನಾಚಿಕೆಗೇಡೆನಿಸಿತು. ಆದರೂ ದಾರಿಯಲ್ಲಿ ಹೋಗುವಾಗ ಬರುವಾಗ ಬಾಗಿಲಿನಿಂದ ಆ ಗೋಡೆಯನ್ನು ನೋಡದೆ ಇರಲು ಆಗುತ್ತಿರಲಿಲ್ಲ. ವಾರವಾರಕ್ಕೂ ಎಳೆ ಸಣ್ಣಗಾಗುತ್ತಿತ್ತು.

ಶ್ರಾವಣದಲ್ಲಿ ಒಂದು ಶನಿವಾರ ಆಕೆ ತಿಕೋಟೆಗೆ ಹೋದಳು. ತಮ್ಮನು ಹೊಲಕ್ಕೆ ಹೋಗಿದ್ದ. ತಮ್ಮನ ಹೆಂಡತಿ ರೇಣುಕವ್ವ ಹೊಸ್ತಿಲಲ್ಲೇ ಶುರುಮಾಡಿದಳು.

"ಯಕ್ಕಾ, ನಿನ್ನ ಶಿಷ್ಯಾಳ ಬಂದಿದ್ಲ ನೋಡು! ಆಕಿ, ಬಬಲೇಶ್ವರದಾಕಿ. ಹನ್ನೆರಡು ಮಂದೀನ ಕರಕೊಂಡು ಊರೆಲ್ಲ ತಿರಗಿದ್ಲು. ನಮ್ಮ ಮನ್ಯಾಗ ಒಂದು ತಾಸ ಕುಂತ್ಲು ಬೇ."

"ನಮ್ಮ ಮನ್ಯಾಗ?"

"ಹ್ಞೂಂ ಮತ್ತ. ಒಲಿ ಮುಂದ ಕುಂತು ತಾನ ಎರಡು ರೊಟ್ಟಿ ಬಡದ್ಲು. ಮನ್ಯಾಗ ಎಷ್ಟ ಮಂದಿ, ನೀರು ಎಲ್ಲಿಂದ ತರತಿ, ದಿನಕ್ಕ ಎಷ್ಟ ಕೊಡ ತರತಿ, ಎಲ್ಲಾ ಕೇಳಿ ಬರಕೊಂಡ್ಲು. ನಾ ಈ ಮನಿಗೆ ಬಂದು ಹದಿನೆಂಟು ವರ್ಷ ಆತು. ಎಷ್ಟ ಕೊಡ ತರತಿ ಅಂತ ಒಬ್ರು ಕೇಳಿರಲಿಲ್ಲ ನೋಡು."

ರುದ್ರವ್ವ ಕಾಲು ತೊಳೆದುಕೊಂಡಳು. ಕೇಳಬಾರದೆಂದುಕೊಂಡಿದ್ದರೂ ಬಾಯಿಗೆ ಬಂತು. "ಎಷ್ಟ ತರತಿ?"

"ಈಗ ಕೇಳಾಕತ್ತಿ ಏನ್!" ರೇಣುಕವ್ವ ಬಿದ್ದು ಬಿದ್ದು ನಕ್ಕಳು. "ಹೋಗು, ಆಕಿ ಬರಕೊಂಡಾಳ. ಆಕೀನ್ನ ಕೇಳು."

ಊಟಕ್ಕೆ ಕುಳಿತಾಗ ಮತ್ತೆ ಅದೇ ಮಾತು. "ನಿನ್ನ ಹೆಸರ ತಗದ್ರ ಆಕೀ ಕಣ್ಣಾಗ ನೀರ ಬಂದುವು. 'ರುದ್ರವ್ವ ಅಕ್ಕಾರು ಇರದಿದ್ರ ನಾ ಇವತ್ತ ಎಮ್ಮಿ ಕಾಯ್ಕೊಂಡಿರತಿದ್ದೆ' ಅಂದ್ಲು. ಎಂಥಾ ಚೊಲೋ ಮನಸ್ಸ ಬೇ!"

ರುದ್ರವ್ವ ಮುರಿದ ರೊಟ್ಟಿಯ ತುಂಡನ್ನು ತಿರುಗಿ ತಾಟಿನಲ್ಲಿಟ್ಟಳು. ಗುರುಬಾಯಿ ತನ್ನನ್ನು ಬೈದಿದ್ದರೆ, ಇಲ್ಲ ಸಲ್ಲದ್ದು ಹೇಳಿದ್ದರೆ, ರುದ್ರವ್ವ ಆ ರೊಟ್ಟಿಯನ್ನು ಸುಖವಾಗಿ ನುಂಗುತ್ತಿದ್ದಳು. ಸಾಲೆಯಲ್ಲಿ, ಊರಲ್ಲಿ, ಕೊನೆಗೆ ತನ್ನ ತವರಿನ ಒಲೆಯ ಮುಂದೆಯೂ ಆಕೆಯೇ ಬಂದು ಕುಳಿತಿದ್ದಳು. ಕುಳಿತು ತನ್ನನ್ನೇ ಹೊಗಳಿ ಹೋಗಿದ್ದಳು. ರುದ್ರವ್ವ ಅರ್ಧಕ್ಕೇ ಕೈ ತೊಳೆದಳು. "ಯಾಕ ಯಕ್ಕಾ, ಪಲ್ಯಾ ಖಾರಾತೇನು?" ಎಂದಳು ರೇಣುಕವ್ವ.

ಸಪ್ಟೆಂಬರ್ ೧೯ರಂದು ತಪಾಸಣೆಯಾಯಿತು. ಸಿದ್ದರಾಯ ಸಾಹೇಬರು ಎರಡೂ ವರ್ಗಗಳ ಪಾಠ ನೋಡಿದರು, ವಹಿ ನೋಡಿದರು. ರುದ್ರವ್ವನ ಕಡೆಯ ವಹಿಗಳು ಅಚ್ಚುಹಾಕಿದಂತಿದ್ದವು. ಗುರುಬಾಯಿಯ ಕಡೆಯ ಪಾಠದಲ್ಲಿ ಮಕ್ಕಳು ಸಾಹೇಬರನ್ನೇ ಪ್ರಶ್ನೆ ಕೇಳಿ ನಗಿಸಿದರು. ಮಧ್ಯಾಹ್ನದ ಹೊತ್ತಿಗೆ ತಕ್ಕಡಿ ಯಾವ ಕಡೆಗೂ ವಾಲಿರಲಿಲ್ಲ. ಕೊನೆಗೆ ಉಳಿದದ್ದು ನೂಲು. ದೊಡ್ಡ ಮೇಜಿನ ಮೇಲೆ ಈ ಕಡೆ ಇಪ್ಪತ್ನಾಲ್ಕು ಲಡಿ, ಆ ಕಡೆ ಇಪ್ಪತ್ನಾಲ್ಕು ಲಡಿ ಇಟ್ಟಿದ್ದರು. ಸಾಹೇಬರು ಕಣ್ಣಾಡಿಸಿ ಮುಗಿಸುವವರಿದ್ದರು.

"ಬರೇ ಕಣ್ಣಿಲೆ ನೋಡಿದ್ರ ಏನ್ ತಿಳೀತೈತ್ರಿ ಸಾಹೇಬ್ರ?" ಎಂದಳು ರುದ್ರವ್ವ. "ತೂಗಿ ನೋಡೂಣ್ರಿ. ನಂಬರು ತಗದ್ರ ಯಾರ ಕೈ ಹೆಂಗ ಅಂತ ತಾನ ಹೇಳತೈತಿ."

ಆ ಮಾತಿಗೆ ಆಕೆ ಹದಿನೈದು ದಿನದಿಂದ ತಯಾರಾಗಿದ್ದಳು. ವಿಜ್ಞಾನದ ಕಪಾಟಿನಿಂದ ಹಿತ್ತಾಳೆಯ ಸಣ್ಣ ತಕ್ಕಡಿ ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಲೆ ಗುಲಗಂಜಿಯ ತೂಕಗಳನ್ನು ಸಾಲಾಗಿ ಜೋಡಿಸಿದ್ದಳು. ಲೆಕ್ಕ ಬಹಳ ಸರಳ. ಕಟ್ಟಿಗೆಯ ಚೌಕಟ್ಟಿಗೆ ನೂಲನ್ನು ಆರುನೂರಾ ನಲವತ್ತು ಸುತ್ತು ಸುತ್ತಿದರೆ ಒಂದು ಲಡಿ. ಲಡಿ ನಾಲ್ಕು ತೊಲೆ ತೂಗಿದರೆ ಹತ್ತನೆಯ ನಂಬರಿನ ನೂಲು, ಎರಡೇ ತೊಲೆ ತೂಗಿದರೆ ಇಪ್ಪತ್ತನೆಯದು. ಎಳೆ ಸಣ್ಣದಾದಷ್ಟೂ ಲಡಿ ಹಗುರ, ನಂಬರು ದೊಡ್ಡದು.

ಮೊದಲು ಗುರುಬಾಯಿಯ ಕಡೆಯವನ್ನು ತೂಗಿದಳು. ನಾಲ್ಕು ತೊಲೆ. ಮೂರೂ ಕಾಲು. ಐದು. ನಾಲ್ಕೂವರೆ. ಹಸೀನಾಳದು ಆರು ತೊಲೆ.

"ನನ್ನವು ನೂಲಲ್ರಿ ಸಾಹೇಬ್ರ," ಎಂದಳು ಹಸೀನಾ. "ಎಮ್ಮಿ ಕಟ್ಟಾಕ ಚೊಲೋ ಆಗತಾವ."

ಸಾಹೇಬರು ಮೀಸೆಯಲ್ಲಿ ನಕ್ಕರು. ರುದ್ರವ್ವನೂ ನಕ್ಕಳು. ಜೂನ್ ತಿಂಗಳಿಂದ ಆ ಕಟ್ಟಡದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ, ಆ ಮೂಲೆಯವರಿಗೂ ಕೇಳುವಂತೆ ಹೇಳಿ ಬರೆದಳು.

ಆಮೇಲೆ ತನ್ನ ಕಡೆಯ ಮೊದಲ ಲಡಿ ಇಟ್ಟಳು. ಎರಡು ತೊಲೆಗೆ ಐದು ಗುಲಗಂಜಿ ಕಡಿಮೆ.

"ಶಾಭಾಸ್!" ಎಂದರು ಸಾಹೇಬರು. "ಇಪ್ಪತ್ತನೇ ನಂಬರು!"

ಆ ಕ್ಷಣದ ಸುಖವನ್ನು ಆಕೆ ಪೂರ್ತಿ ಉಂಡಳು. ಗುರುಬಾಯಿಯ ಮುಖ ನೋಡಿದಳು. ಎರಡನೆಯ ಲಡಿ ಇಟ್ಟಳು. ಎರಡು ತೊಲೆಗೆ ಐದು ಗುಲಗಂಜಿ ಕಡಿಮೆ. ಮೂರನೆಯದೂ ಅಷ್ಟೇ. ನಾಲ್ಕನೆಯದನ್ನು ಇಟ್ಟಾಗ ತಕ್ಕಡಿಯ ಮುಳ್ಳು ಹಿಂದಿನ ಜಾಗಕ್ಕೇ ಬಂದು ಒಂದು ಕೂದಲೆಳೆಯೂ ಆಚೀಚೆಯಾಗದೆ ನಿಂತಿತು. ಐದನೆಯದನ್ನು ಇಡುವಾಗ ಆಕೆಯ ಕೈ ನಿಧಾನವಾಯಿತು.

ರುದ್ರವ್ವ ಲೆಕ್ಕದವಳು. ಒಂದೇ ಕೈ ಒಂದೇ ಹಿಟ್ಟಿನಿಂದ ಬಡಿದ ಎರಡು ರೊಟ್ಟಿ ಕೂಡ ಸರಿಸಮ ತೂಗುವುದಿಲ್ಲ. ಇಲ್ಲಿ ಮೂವರು ಹೆಣ್ಣುಮಕ್ಕಳ ಐದು ಲಡಿ ಗುಲಗಂಜಿಗೆ ಗುಲಗಂಜಿ ಹೊಂದುತ್ತಿದ್ದವು. ಕೈ ಮಾಡಿದ್ದು ಹೀಗೆ ಹೊಂದುವುದಿಲ್ಲ. ಹೀಗೆ ಹೊಂದುವುದು ಯಂತ್ರ ಮಾಡಿದ್ದು. ತಲೆ ಎತ್ತಿ ತನ್ನ ಹನ್ನೆರಡು ಮಂದಿಯನ್ನು ನೋಡಿದಳು. ಹನ್ನೆರಡು ಮಂದಿಯೂ ನೆಲ ನೋಡುತ್ತಿದ್ದರು.

ಸಾಹೇಬರಿಗೆ ಇದಾವುದೂ ತಿಳಿಯಲಿಲ್ಲ. "ಸಾಕು ಬಿಡ್ರಿ ಬಾಯಾರ, ಇನ್ನೇನ್ ತೂಗತೀರಿ? ಎದ್ದು ಕಾಣತೈತಿ," ಎಂದು ಲೇಖನಿಯನ್ನು ಮಸಿಯಲ್ಲಿ ಅದ್ದಿದರು.

ಅಷ್ಟರಲ್ಲಿ ಗುರುಬಾಯಿ, ಒಳ್ಳೆಯ ನೂಲು ಕಂಡರೆ ಮುಟ್ಟದೆ ಇರಲಾರದವಳು, ಆ ರಾಶಿಯಿಂದ ಒಂದು ಲಡಿ ಎತ್ತಿಕೊಂಡು ಮೇಜಿನ ಮೇಲಿದ್ದ ಚೌಕಟ್ಟಿಗೆ ಹಾಕಿದಳು. ಸಾಲೆಯ ಚೌಕಟ್ಟಿನ ಮೇಲೆ ಸುತ್ತಿದ ಲಡಿ ಅದಕ್ಕೆ ಬಿಗಿಯಾಗಿ ಕೂಡಬೇಕು. ಇದು ಸಡಿಲವಾಗಿ ಜೋತುಬಿತ್ತು. ಬೇರೆಲ್ಲೋ, ಇದಕ್ಕಿಂತ ದೊಡ್ಡ ಚೌಕಟ್ಟಿನ ಮೇಲೆ ಸುತ್ತಿ ಬಂದ ಲಡಿ ಅದು. ಗುರುಬಾಯಿಯ ಕೈ ನಿಂತಿತು. ಕಣ್ಣೆತ್ತಿ ರುದ್ರವ್ವನನ್ನು ನೋಡಿದಳು. ರುದ್ರವ್ವನೂ ನೋಡಿದಳು. ಗುರುಬಾಯಿ ಸದ್ದಿಲ್ಲದೆ ಲಡಿಯನ್ನು ಚೌಕಟ್ಟಿನಿಂದ ತೆಗೆದು, ಮಡಚಿ, ರಾಶಿಯ ತಳಕ್ಕೆ ಸರಿಸಿದಳು.

"ಅಕ್ಕಾರ ಶಿಸ್ತ ಹಂಗ ಐತ್ರಿ ಸಾಹೇಬ್ರ," ಎಂದಳು. "ನಮ್ಮವ್ರು ಇನ್ನೂ ಕಲೀಬೇಕು."

ಇಷ್ಟಕ್ಕೆ ಬಿಟ್ಟಿದ್ದರೆ ಕುರ್ಚಿ ರುದ್ರವ್ವನದು. ಸಾಹೇಬರ ಲೇಖನಿ ಕಾಗದಕ್ಕೆ ತಾಗಲು ಇನ್ನೊಂದು ಬೆರಳಿನಷ್ಟು ದೂರವಿತ್ತು. ಆಕೆ ಬಾಯಿ ತೆರೆದದ್ದು ಸತ್ಯದ ಮೇಲಿನ ಪ್ರೀತಿಯಿಂದ ಎಂದು ಹೇಳಿದರೆ ತಪ್ಪಾದೀತು. ನಾಳೆಯಿಂದ ಆ ಕುರ್ಚಿಯ ಮೇಲೆ ಕೂತಾಗಲೆಲ್ಲ ಹಲಗೆಗೋಡೆಯ ಆಚೆ ಒಬ್ಬಳು ನಗುತ್ತಿರುತ್ತಾಳೆ, ಈ ಕುರ್ಚಿ ತಾನು ಕೊಟ್ಟದ್ದೆಂದು ಆಕೆಗೆ ಗೊತ್ತಿರುತ್ತದೆ, ಗೊತ್ತಿದ್ದೂ ಕಾಲು ಮುಟ್ಟಿ ಅಕ್ಕಾರ ಎನ್ನುತ್ತಾಳೆ. ರೊಟ್ಟಿ ಬಡಿದುಕೊಟ್ಟಂತೆ ಕುರ್ಚಿಯನ್ನೂ ಕೊಟ್ಟಳಲ್ಲ! ಗುರುಬಾಯಿ ಗೆದ್ದು ತೆಗೆದುಕೊಂಡರೆ ತಡೆದುಕೊಳ್ಳಬಹುದು. ಆಕೆಯ ಕೈಯಿಂದ ಇಸಿದುಕೊಳ್ಳುವುದು ರುದ್ರವ್ವನಿಂದ ಆಗದ ಮಾತು.

"ಬರೀಬ್ಯಾಡ್ರಿ ಸಾಹೇಬ್ರ."

ರಾಶಿಯ ತಳದಿಂದ ಅದೇ ಲಡಿ ಎಳೆದು, ಮೇಜಿನ ಅಂಚಿಗೆ ಹಾಸಿ, ಅಳತೆಯ ಪಟ್ಟಿ ಹಿಡಿದಳು. "ನಮ್ಮ ಚೌಕಟ್ಟಿನ ಸುತ್ತಳತಿ ನಲವತ್ತೆಂಟು ಅಂಗುಲ. ಇದರದು ಐವತ್ನಾಲ್ಕು ಐತಿ. ಇದು ಗಿರಣಿ ನೂಲು. ನಮ್ಮ ಹುಡುಗ್ಯಾರು ನೂತಿದ್ದಲ್ಲ."

"ಅಕ್ಕಾರ, ಯಾಕ್ರಿ..." ಎಂದಳು ಗುರುಬಾಯಿ.

"ನೀ ಸುಮ್ಮ ಕೂಡು!" ಎಂದು ಗದರಿದಳು ರುದ್ರವ್ವ.

ಸಾಹೇಬರು ಲೇಖನಿ ಕೆಳಗಿಟ್ಟರು. ಯಾರು ತಂದರೆಂದು ಕೇಳಿದರು. ಮುರಿಗೆವ್ವ ಎದ್ದು ನಿಂತಳು. ಇಬ್ರಾಹಿಂಪುರದಲ್ಲಿ ಆಕೆಯ ಸೋದರಮಾವನ ಮನೆ. ಎರಡು ಮಗ್ಗಗಳಿದ್ದವು. ಮಗ್ಗಕ್ಕೆ ಬಂದ ಗಿರಣಿ ನೂಲಿನಲ್ಲಿ ಇಪ್ಪತ್ನಾಲ್ಕು ಲಡಿ ಬೇಡಿ ತಂದಿದ್ದಳು.

"ಮಾಸ್ತರಕಿ ಕಲ್ಯಾಕ ಬಂದೀರೋ, ಕಳವು ಕಲ್ಯಾಕ ಬಂದೀರೋ?" ಎಂದರು ಸಾಹೇಬರು.

ಮುರಿಗೆವ್ವ ಅಳುತ್ತಿದ್ದಳು, ಆದರೆ ಮಾತು ಗಟ್ಟಿಯಾಗಿಯೇ ಬಂತು. "ದಪ್ಪ ನೂಲ ತಂದ್ರ ಮುಂದ ಬರಬ್ಯಾಡ್ರಿ ಅಂದಿದ್ರು ಅಕ್ಕಾರು. ನಮ್ಮ ಕೈಲೆ ಸಣ್ಣ ನೂಲ ಬರಲಿಲ್ರಿ. ಹೆಂಗ ಎಳೀಬೇಕು ಅಂತ ಯಾರನ್ನ ಕೇಳೂದ್ರಿ? ಅಕ್ಕಾ­ರ ಕೈಯಾಗ ತಕಲಿ ನಾವ್ಯಾರೂ ನೋಡೇ ಇಲ್ಲ. ಗುರುಬಾಯಾರ ಕಡೆ ಹೋಗಿ ಕೇಳಿದ್ರ ಅಕ್ಕಾರಿಗೆ ಸೇರೂದಿಲ್ಲ. ಒಮ್ಮಿ ಹೋಗಿದ್ದಕ್ಕ ಎರಡು ದಿನ ನನ್ನ ವಹಿ ನೋಡಲಿಲ್ರಿ. ಹಂಗಾಗಿ ತಂದಿಟ್ವಿ."

ರುದ್ರವ್ವ ತಕ್ಕಡಿಯ ತೂಕಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಯಲ್ಲಿ ಅವವುಗಳ ಕುಳಿಗೆ ಹಾಕಿದಳು. ಗುಲಗಂಜಿಯ ತೂಕವೊಂದು ಬೆರಳಿನಿಂದ ಜಾರಿ ಬಿತ್ತು. ಹಸೀನಾ ಹುಡುಕಿ ಕೊಟ್ಟಳು.

ಹದಿನೈದು ದಿನದಲ್ಲಿ ಹುಕುಮು ಬಂತು. ಗುರುಬಾಯಿ ಕಾಯಂ ಮುಖ್ಯ ಅಕ್ಕಾರು. ರುದ್ರವ್ವ ಸಹಾಯಕಿ. ಹನ್ನೆರಡು ಮಂದಿ ಡಿಸೆಂಬರಿನ ಒಳಗೆ ಹೊಸದಾಗಿ ನೂತು ತೋರಿಸಬೇಕು, ಬೇರೆ ಶಿಕ್ಷೆ ಇಲ್ಲ. ತಾನಾಗಿ ಹೇಳಿದ್ದಕ್ಕೆ ರುದ್ರವ್ವನ ನೌಕರಿಯ ದಾಖಲೆಯಲ್ಲಿ ಕೆಟ್ಟ ಶೆರಾ ಬರೆಯಲಿಲ್ಲವೆಂದು ಸಾಹೇಬರು ಬೇರೆ ತಿಳಿಸಿದ್ದರು. ಆಕೆ ತಿಕೋಟೆಗೆ ವರ್ಗಾವಣೆ ಕೇಳಿ ಅರ್ಜಿ ಬರೆದಳು. ಬರೆದು ಮುಗಿಸಿದ ಮೇಲೆ, ಅಲ್ಲಿ ರೇಣುಕವ್ವ ಹೊಸ್ತಿಲಲ್ಲಿ ಏನು ಹೇಳಬಹುದೆಂಬುದು ಹೊಳೆದು ಹರಿದುಹಾಕಿದಳು.

ಮರುದಿನ ಟ್ರಂಕಿನ ತಳದಿಂದ ತಕಲಿ ತೆಗೆದುಕೊಂಡು ವರ್ಗಕ್ಕೆ ಬಂದಳು. ಹನ್ನೆರಡು ಮಂದಿಯ ಮುಂದೆ ಚಾಪೆಯ ಮೇಲೆ ಕುಳಿತು ತಿರುಗಿಸಿದಳು. ಎಳೆ ಹರಿದು ತಕಲಿ ಠಣ್ ಎಂದಿತು. ಯಾರೂ ನಗಲಿಲ್ಲ. ಮೂರನೆಯ ಸಲ ಹರಿದಾಗ ಮುರಿಗೆವ್ವ ಮೆಲ್ಲಗೆ, "ಆ ಕಡೆಯಿಂದ ಬಾಯಾರನ್ನ ಕರೀಲ್ರಿ ಅಕ್ಕಾರ?" ಎಂದಳು.

"ಆಕೀ ಬ್ಯಾಡ," ಎಂದಳು ರುದ್ರವ್ವ. "ಹಸೀನಾನ್ನ ಕರಿ."

ಹಸೀನಾ ಬಂದು ಎದುರಿಗೆ ಕುಳಿತು ನೋಡಿದಳು. "ಹಂಜೀನ ಕುತ್ತಿಗಿ ಹಿಚಕಿದಂಗ ಹಿಡೀಬ್ಯಾಡ್ರಿ ಅಕ್ಕಾರ. ಬೆಳ್ಳ ಸಡ್ಲ ಬಿಡ್ರಿ. ಹರದ್ರ ಹರೀಲಿ, ಅದೇನ್ ನಿಮಗ ಅಂಜತೈತೇನ್ರಿ?" ಈ ಸಲ ನಕ್ಕರು. ಸೆರಗು ಬಾಯಿಗೆ ಒತ್ತಿಕೊಳ್ಳಲಿಲ್ಲ. ರುದ್ರವ್ವ ತಲೆ ಎತ್ತದೆ ಬೆರಳು ಸಡಿಲ ಬಿಟ್ಟಳು.

ರುದ್ರವ್ವನ ನೂಲು ಚೌಕಟ್ಟಿನ ಮೇಲೆ ದಿನಕ್ಕೆ ಎಂಟು ಸುತ್ತು, ಒಳ್ಳೆಯ ದಿನ ಹನ್ನೆರಡು. ಗುರುಬಾಯಿ ಬಾಗಿಲಿನವರೆಗೆ ಬಂದು ನಿಂತು ಹೋದದ್ದು ಆಕೆಗೆ ಗೊತ್ತಾಗುತ್ತಿತ್ತು. ಒಮ್ಮೆ ಚಾಪೆಯ ಮೇಲೆ ಹಸನಾದ ಹಂಜಿಯ ಒಂದು ಕಟ್ಟು ಬಂದಿತ್ತು. ಯಾರು ಇಟ್ಟರೆಂದು ಕೇಳಲಿಲ್ಲ. ಬಳಸಿದಳು. ಹಲಗೆಗೋಡೆಯ ಆಚೆ ನಗು ಕೇಳಿದಾಗ ಈಗಲೂ ಬೆರಳು ಬಿಗಿದು ಎಳೆ ಹರಿಯುತ್ತಿತ್ತು. ಆಗ ಹರಿದ ತುದಿ ಕೂಡಿಸಿಕೊಂಡು ಮತ್ತೆ ಶುರುಮಾಡುತ್ತಿದ್ದಳು.

ಡಿಸೆಂಬರ್ ೧೭, ಶನಿವಾರ ಮಧ್ಯಾಹ್ನ ಆರುನೂರಾ ನಲವತ್ತನೆಯ ಸುತ್ತು ಮುಗಿಯಿತು. ಹುಡುಗಿಯರ ಲಡಿಗಳನ್ನು ಮೊದಲೇ ತೂಗಿ ಬರೆದಾಗಿತ್ತು. ಮೂರೂವರೆ, ನಾಲ್ಕು, ನಾಲ್ಕೂ ಕಾಲು, ಹೀಗೆ ಒಂದಕ್ಕೊಂದು ಹೊಂದದ ಅಂಕಿಗಳು. ಕೆಳಗೆ ತನ್ನ ಹೆಸರು ಬರೆದು, ಲಡಿಯನ್ನು ತಕ್ಕಡಿಯಲ್ಲಿಟ್ಟಳು. ತಕ್ಕಡಿ ತಪ್ಪಿರಬಹುದೆಂದು ತಟ್ಟೆ ಬದಲಿಸಿ ಇನ್ನೊಮ್ಮೆ ತೂಗಿದಳು. ಎರಡು ಸಲವೂ ಬಂದದ್ದು ಐದೂವರೆ ತೊಲೆ. ಹನ್ನೆರಡು ಮಂದಿಯ ನೂಲಿಗಿಂತಲೂ ದಪ್ಪ ನೂಲಿನ ಆ ಅಂಕಿಯನ್ನು ತನ್ನ ಹೆಸರಿನ ಮುಂದೆ ಬರೆದಳು.